ಕೊನೆಯ ಕಂತು

ನವೆಂಬರ್ ೧೪, ಗುರುವಾರ

ಪತ್ತೇದಾರಿ ಧಾರಾವಾಹಿಯ ಹನ್ನೊಂದು ಕಂತು ನೋಡಿದ್ದೆ. ಇವತ್ತು ಕೊನೆಯದನ್ನು ಹಾಕಿದರೆ ಪರದೆಯ ಮೇಲೆ 'ವಿಪಿಎನ್ ನಿಲ್ಲಿಸಿ' ಎಂಬ ಅಪ್ಪಣೆ. ನಾನು ಊರಿನಲ್ಲೇ ಇರುವಂತೆ ತೋರಿಸುವ ಅದನ್ನು ನಿಲ್ಲಿಸಿದರೆ ಈ ದೇಶದಲ್ಲಿ ಆ ಧಾರಾವಾಹಿಯೇ ಸಿಗುವುದಿಲ್ಲ! ಹೊಟ್ಟೆ ಉರಿಯುತ್ತಿದೆ. ಅದನ್ನು ತೋರಿಸುವ ಕಂಪನಿಯಲ್ಲಿ ಇಂಥ ಕಳ್ಳದಾರಿ ಮುಚ್ಚುವುದೇ ನನ್ನ ಮೈದುನನ ಕೆಲಸ. ರಾತ್ರಿ ಊಟಕ್ಕೆ ಕೂತಾಗ ಹಲ್ಲು ಕಿರಿದ: "ರೂಲ್ಸ್ ಅಂದ್ರೆ ರೂಲ್ಸ್, ಅತ್ತಿಗೆ. ಮನೆಯವರಿಗೆ ಬೇರೆ ಇರತ್ತಾ?" ಅವನಿಗೇನು, ಆಫೀಸಿನಲ್ಲಿ ಎಲ್ಲವೂ ಸಿಗುತ್ತದೆ. ಕೊನೆಯ ಕಂತನ್ನು ನಾಳೆ ಮಧ್ಯಾಹ್ನ ಊಟ ಮಾಡುತ್ತಾ ನೋಡಲು ಜೋಪಾನವಾಗಿ ಉಳಿಸಿಕೊಂಡಿದ್ದಾನೆ. "ಕೊಲೆ ಮಾಡಿದ್ದು ಯಾರೂಂತ ಯಾರೂ ಬಾಯಿ ಬಿಡ್ಬೇಡಿ" ಎಂಬ ತಾಕೀತು ಬೇರೆ.

ಆಮೇಲೆ ಊರಿನಲ್ಲಿ ಅದನ್ನು ನೋಡಿ ಮುಗಿಸಿರುವ ಅಕ್ಕನಿಗೆ ಫೋನ್ ಮಾಡಿ ಕೊನೆ ಏನಾಯಿತೆಂದು ಕೇಳಿಕೊಂಡೆ. ಬೆಳಿಗ್ಗೆ ಅವನ ಕೈಗೆ ಊಟದ ಡಬ್ಬಿ ಕೊಡುತ್ತಾ ಮೆಲ್ಲಗೆ ಹೇಳುತ್ತೇನೆ: "ಕೊಲೆ ಮಾಡಿದ್ದು ಅತ್ತಿಗೆ ಕಣಪ್ಪಾ. ಊಟದ ಡಬ್ಬೀಲಿ ವಿಷ ಹಾಕಿ."

ತಿನ್ನಲಿ, ನೋಡೋಣ.