ಮೊದಲ ನೀರು

ಆನೊಮಾಬು, ಘಾನಾ

ಮೊಮ್ಮಗಳು ಎಕುವಾಗೆ,

ನಿನಗೆ ಬುದ್ಧಿ ಇದೆಯೇನೇ? ಇಟಲಿಯಿಂದ ಬಂದು ನೀವು ಅಕ್ರಾದ ಹೋಟೆಲಿನಲ್ಲಿ ಕೂರುವುದು, ಎರಡು ವರ್ಷ ತುಂಬಿದ ಮರಿಮಗಳ ಮುಖ ನೋಡಲು ನಾನು ಅಲ್ಲಿಗೆ ಬರುವುದೇ?

ನಿನ್ನ ಭಯ ನನಗೆ ಗೊತ್ತು. ಹೋದ ಸಲ ನಿನ್ನ ಗಂಡ ಇವಾನೊ, ಬಂದವರಿಗೆ ಕೊಡುವ ಮೊದಲ ನೀರನ್ನು ಬೇಡವೆಂದರೆ ಅವಮಾನವಾದೀತೆಂದು ಹೊಕ್ಕ ಮನೆಯಲ್ಲೆಲ್ಲ ಬಾವಿನೀರು ಕುಡಿದು ಹಾಸಿಗೆ ಹಿಡಿದ. ಪಾಪ, ಮರ್ಯಾದಸ್ಥ. ಮಗುವಿಗೂ ಹಾಗಾದರೆ ಎಂದು ಹೆದರಿದ್ದೀಯ.

ಅದಕ್ಕೇ ಕುಟುಂಬದ ಹಿರಿಯರನ್ನೆಲ್ಲ ಕೂರಿಸಿ, ನಿಮಗೆ ಯಾರೂ ಬಾವಿನೀರು ಕೊಡಕೂಡದೆಂದು ಜಗಳವಾಡಿದೆ. "ಮೊದ್ಲು ನೀರು, ಆಮೇಲೆ ಮಾತು ಅಲ್ವಾ? ನೀರು ಕೊಡ್ದೆ ಬಂದ ಕಾರಣ ಹೆಂಗಮ್ಮ ಕೇಳೋದು?" ಎಂದು ಗೊಣಗಿದರು. ಕೊನೆಗೆ ಯಜಮಾನ ಅನ್ಸಾ, "ಎಳನೀರೂ ನೀರೇ ಕಣ್ರೋ. ದೇವ್ರೇ ಮುಚ್ಚಳ ಬಿಗ್ದು ಕಳ್ಸಿದ್ದು" ಎಂದ. ಈಗ ಯಾವ ಮನೆಗೆ ಹೋದರೂ ನಿಮಗೆ ಎಳನೀರೇ.

ಇನ್ನು ನಿನ್ನ ಕೆಲಸ. ಮೂವರೂ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳಿ. ಹೊರಡುವ ಹಿಂದಿನ ದಿನ ಓಡಬೇಡಿ, ಮೊದಲೇ ಹೋಗಿ. ಚುಚ್ಚಿಸಿಕೊಂಡದ್ದಕ್ಕೆ ಕೊಡುವ ಹಳದಿ ಕಾರ್ಡಿಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಡಾಕ್ಟರು ಹೇಳಿದ ಮಲೇರಿಯಾ ಮಾತ್ರೆಯನ್ನು ನೀನೂ ನುಂಗು. ಇಲ್ಲೇ ಹುಟ್ಟಿದವಳು ಎಂದು ಜಂಬ ಕೊಚ್ಚಬೇಡ. ಇಷ್ಟು ವರ್ಷ ಹೊರಗಿದ್ದವಳನ್ನು ನಮ್ಮ ಸೊಳ್ಳೆಗಳೂ ಹೊಸ ಅತಿಥಿಯೆಂದೇ ತಿಳಿಯುತ್ತವೆ. ನನ್ನ ಸೊಳ್ಳೆಪರದೆಯ ತೂತನ್ನೆಲ್ಲ ಹೊಲಿದಿದ್ದೇನೆ. ಮಗು ನನ್ನ ಪಕ್ಕದಲ್ಲೇ ಮಲಗಲಿ.

ಅವಳಿಗೆ ಮೊದಲ ಎಳನೀರು ನಾನೇ ಕುಡಿಸಬೇಕು. ಮರ ಹತ್ತುವವನು ಎಳನೀರು ಇಳಿಸಲು ಯಾವತ್ತು ಬರಲಿ ಎಂದು ದಿನಾ ಕೇಳುತ್ತಾನೆ. ಮುಂದಿನ ತಿಂಗಳು ಹುಟ್ಟುವ ಮೊದಲೇ ಅವನಿಗೊಂದು ಉತ್ತರ ಬರೆದು ಕಳಿಸು.

ನಿನ್ನ ಅಜ್ಜಿ,
ಆರಬಾ