ನನ್ನ ದೊಡ್ಡಪ್ಪ ಕೊಟ್ಟ ಜ್ವರ

ಯುದ್ಧ ದಾಖಲೆಗಳ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಮನೆತನದ ಗೌರವವನ್ನು ತಾವು ತಮ್ಮ ಕಚೇರಿಯ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದೀರಿ. ಅದನ್ನು ವಾಪಸು ಕೊಡಿ ಎಂದು ಕೇಳಲು ಈ ಪತ್ರ. ಖಾಸಗಿಯಾಗಿ ಬರೆದ ಪತ್ರಗಳಿಗೆ ತಮ್ಮಲ್ಲಿ ಆಗುವ ಗತಿಯನ್ನು ಕಂಡಿರುವುದರಿಂದ ಇದನ್ನು ನಾಲ್ಕು ಜನ ಓದುವ ಪತ್ರಿಕೆಗೆ ಕಳಿಸುತ್ತಿದ್ದೇನೆ.

ನನ್ನ ದೊಡ್ಡಪ್ಪ, ಅಂದರೆ ನನ್ನ ತಂದೆಯ ಅಣ್ಣ, ಯುದ್ಧದಲ್ಲಿ ಸೆರೆಸಿಕ್ಕ ಸಿಪಾಯಿ. ತೊಡೆಗೆ ಗುಂಡು ಬಿದ್ದು ಶತ್ರುಗಳ ಕೈಗೆ ಸಿಕ್ಕವರು ಯುದ್ಧ ಮುಗಿಯುವವರೆಗೂ ಅವರ ಯುದ್ಧಕೈದಿಗಳ ಆಸ್ಪತ್ರೆಯಲ್ಲೇ ಇದ್ದರು. ಬಿಡುಗಡೆಯಾಗಿ ಬಂದಾಗ ತಮ್ಮ ಕಚೇರಿಯವರು ಅವರನ್ನು ಕೂರಿಸಿಕೊಂಡು ವಿಚಾರಿಸಿ ಹೇಳಿಕೆ ಬರೆದುಕೊಂಡಿದ್ದಾರೆ. ಅದನ್ನು ಓದಲು ಕೊಡಿ ಎಂದು ನಾನು ಅರ್ಜಿ ಹಾಕಿದೆ. ಆ ಹೆಸರಿನ ಯುದ್ಧಕೈದಿಯೇ ಇರಲಿಲ್ಲ ಎಂದು ಮೊದಲ ಉತ್ತರ ಬಂತು. ಕೈದಿಗಳೆಂದರೆ ಶಿಬಿರದಲ್ಲಿದ್ದವರಂತೆ, ಆಸ್ಪತ್ರೆಯಲ್ಲಿದ್ದವರು ರೋಗಿಗಳಂತೆ. ಕಿಟಕಿಗೆಲ್ಲ ಹಲಗೆ ಹೊಡೆದು ಬಾಗಿಲಲ್ಲಿ ಬಂದೂಕು ನಿಲ್ಲಿಸಿದ್ದ ಕಡೆ ಮಲಗಿದ್ದವನು ತಮ್ಮ ಲೆಕ್ಕದಲ್ಲಿ ಆರೈಕೆ ಮಾಡಿಸಿಕೊಳ್ಳಲು ಹೋಗಿದ್ದ. ಖುದ್ದಾಗಿ ಬಂದು ಕೇಳಿದಾಗ, ಕಡತವೇನೋ ಇತ್ತು, ಗೆದ್ದಲು ತಿಂದುಹೋಯಿತು ಎಂದರು. ಇಲ್ಲದ ಕೈದಿಯ ಕಡತವನ್ನು ಹುಡುಕಿಕೊಂಡು ಹೋಗಿ ತಿಂದ ಆ ಗೆದ್ದಲನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ಇನ್ನೂ ಇದೆ. ಈಗ ತಮ್ಮ ಸಹಿಯೊಡನೆ ಬಂದಿರುವ ಪತ್ರದಲ್ಲಿ ಅದೇ ಕಡತಕ್ಕೆ ಮತ್ತೆ ಜೀವ ಬಂದಿದೆ: "ಸದರಿ ಕಡತದಲ್ಲಿರುವ ವಿವರಗಳು ಸಂಬಂಧಪಟ್ಟ ಕುಟುಂಬದ ಗೌರವಕ್ಕೆ ಧಕ್ಕೆ ತರುವ ಸಂಭವವಿರುವುದರಿಂದ, ಕುಟುಂಬದ ಹಿತದೃಷ್ಟಿಯಿಂದ, ಕುಟುಂಬದವರಿಗೆ ಒದಗಿಸಲು ಅವಕಾಶವಿರುವುದಿಲ್ಲ."

ಕುಟುಂಬದ ಹಿತಕ್ಕಾಗಿ ಕುಟುಂಬಕ್ಕೇ ಕೊಡುವುದಿಲ್ಲ. ಈ ವಾಕ್ಯವನ್ನು ಬರೆದವರಿಗೆ ಬಡ್ತಿ ಸಿಕ್ಕಿರಬೇಕು.

ಅಷ್ಟಕ್ಕೂ ಯಾವ ಗೌರವ, ಮಾನ್ಯರೇ? ನಮ್ಮ ಬೀದಿಯಲ್ಲಿ ದೊಡ್ಡಪ್ಪನಿಗೆ ‘ಆಸ್ಪತ್ರೆ ಸಿಪಾಯಿ’ ಎಂದು ಅಡ್ಡಹೆಸರು. ಉಳಿದ ಕೈದಿಗಳು ಕಲ್ಲುಗಣಿಯಲ್ಲಿ ಬೆನ್ನು ಮುರಿದುಕೊಂಡು ಬಂದರೆ, ಈ ಮಹಾರಾಯ ಮಂಚದ ಮೇಲೆ ಕಾಲು ಚಾಚಿಕೊಂಡೇ ಯುದ್ಧ ಮುಗಿಸಿದ ಎಂಬ ಕುಹಕ. ಹಾಲಿನ ಬೂತಿನ ಸಾಲಿನಲ್ಲಿ ಅವರು ಬಂದು ನಿಂತರೆ ಹಿಂದಿನಿಂದ ಒಬ್ಬರಾದರೂ "ದಾರಿ ಬಿಡ್ರಪ್ಪ, ಪೇಷೆಂಟ್ ಬಂದ್ರು" ಅನ್ನುತ್ತಿದ್ದರು. ಅವರು ತಿರುಗಿ ನೋಡುತ್ತಿರಲಿಲ್ಲ. ಬಣ್ಣದ ಅಂಗಡಿಯಲ್ಲಿ ಬಣ್ಣ ಕಲಸಿಕೊಡುವ ಕೆಲಸ ಮಾಡಿಕೊಂಡು, ಮದುವೆಯಾಗದೆ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆಯುಷ್ಯ ಕಳೆದರು. ಗೌರವದ ಮೇಲೆ ತಮಗೆ ಇಷ್ಟೊಂದು ಮಮತೆ ಇದ್ದಿದ್ದರೆ ಆಗ ಒಂದು ಸಾಲು ಬರೆದುಕೊಡಬಹುದಿತ್ತು. ನಮ್ಮಪ್ಪ ಅದಕ್ಕೆ ಕಟ್ಟು ಹಾಕಿಸಿ ಬಾಗಿಲ ಮೇಲೆ ತೂಗುಹಾಕುತ್ತಿದ್ದರು. ಬದುಕಿದ್ದವನನ್ನು ಬೀದಿಯ ಬಾಯಿಗೆ ಬಿಟ್ಟು, ಸತ್ತ ಮೇಲೆ ಮರ್ಯಾದೆ ಕಾಯಲು ಬಂದಿದ್ದೀರಿ.

ಮನೆಯಲ್ಲಿ ಅವರದು ಒಂದೇ ಒಂದು ಹಟ. ಥರ್ಮಾಮೀಟರ್ ಇರಕೂಡದು. ಮಕ್ಕಳಿಗೆ ಜ್ವರ ಬಂದರೆ ಅಮ್ಮ ಪಕ್ಕದ ಮನೆಯಿಂದ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದಳು. ತಪ್ಪಿ ದೊಡ್ಡಪ್ಪನ ಕಣ್ಣಿಗೆ ಬಿದ್ದರೆ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುವರು, ಊಟದ ಹೊತ್ತಿಗೂ ಬರುತ್ತಿರಲಿಲ್ಲ. ನಾವು ಹುಡುಗರು ಮುಸಿಮುಸಿ ನಗುತ್ತಿದ್ದೆವು. ಮುಂದೆ ನಾನು ಔಷಧದ ಅಂಗಡಿ ತೆರೆದಾಗ ಮನೆಮಂದಿಯೆಲ್ಲ ಬಂದರು. ದೊಡ್ಡಪ್ಪ ಮಾತ್ರ ಮೆಟ್ಟಿಲ ಕೆಳಗೇ ನಿಂತು, "ಚೆನ್ನಾಗಿ ನಡೀಲಿ ಮಗಳೇ" ಎಂದು ಹರಸಿ ಹೋದರು. ಕೊನೆಯವರೆಗೂ ಅಂಗಡಿಯೊಳಗೆ ಕಾಲಿಡಲಿಲ್ಲ. ನನಗೆ ಬೇಸರವಾಗಿತ್ತು.

ಅವರು ತೀರಿಕೊಂಡ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಬಂದ ಮೇಲೆ ಒಬ್ಬ ವೃದ್ಧರು ನನ್ನ ಅಂಗಡಿ ಹುಡುಕಿಕೊಂಡು ಬಂದರು. ಗಡಿಯಾರ ರಿಪೇರಿಯವರು. ಮಾತ್ರೆ ಕೊಳ್ಳಲು ಬಂದಿರಬಹುದೆಂದು ಚೀಟಿಗೆ ಕೈ ಚಾಚಿದೆ. ಅವರು ಚೀಟಿ ಕೊಡಲಿಲ್ಲ.

"ನಿಮ್ಮ ದೊಡ್ಡಪ್ಪ ನಂಗೆ ಜ್ವರ ಕೊಟ್ಟಿದ್ರಮ್ಮ" ಅಂದರು. "ಅದ್ರಿಂದ್ಲೇ ನಾನು ಬದುಕಿರೋದು."

ವಯಸ್ಸಾದವರು, ಬುದ್ಧಿ ಕೈಕೊಟ್ಟಿರಬೇಕು ಅಂದುಕೊಂಡು ಸ್ಟೂಲು ಹಾಕಿ ಕೂರಿಸಿದೆ. ಬುದ್ಧಿ ಸರಿಯಾಗಿಯೇ ಇತ್ತು. ಅವರೂ ಅದೇ ಆಸ್ಪತ್ರೆಯ ಕೈದಿ. ಅವರು ಹೇಳಿದ್ದನ್ನು ತಮ್ಮ ಕಚೇರಿಗೆ ಹೊಸದಾಗಿ ತಿಳಿಸಬೇಕಾಗಿಲ್ಲ, ತಮ್ಮ ಕಪಾಟಿನಲ್ಲಿ ಅದು ಇದ್ದೇ ಇದೆ. ಓದುಗರಿಗಾಗಿ ಬರೆಯುತ್ತೇನೆ. ಒಂದು ಉದ್ದನೆಯ ಹಜಾರ, ಎರಡು ಸಾಲು ಕಬ್ಬಿಣದ ಮಂಚ. ಗಾಯ ವಾಸಿಯಾದ ಮೇಲೂ ದೊಡ್ಡಪ್ಪನನ್ನು ಅಲ್ಲೇ ವಾರ್ಡಿನ ಕೆಲಸಕ್ಕೆ ಇಟ್ಟುಕೊಂಡಿದ್ದರು, ಶತ್ರುಗಳ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದರು ಎಂಬ ಕಾರಣಕ್ಕೆ. ದಿನಾ ಬೆಳಿಗ್ಗೆ ಶತ್ರುಗಳ ವೈದ್ಯ ಬರುವ ಮುನ್ನ ಪ್ರತಿಯೊಬ್ಬರ ಜ್ವರ ಅಳೆದು, ಕಾವಲಿನವನಿಗೆ ತೋರಿಸಿ ಬರೆದಿಡುವುದು ಅವರ ಕೆಲಸ. ಜ್ವರ ಇದ್ದವನು ಮಂಚದ ಮೇಲೆ ಉಳಿಯುತ್ತಿದ್ದ. ಇಲ್ಲದವನನ್ನು ಎಬ್ಬಿಸಿ ಲಾರಿ ಹತ್ತಿಸಿ ಕಲ್ಲುಗಣಿಗೆ ಕಳಿಸುತ್ತಿದ್ದರು. ಅರೆಹೊಟ್ಟೆಯಲ್ಲಿ, ಹೊಲಿಗೆ ಒಣಗದ ಮೈಯಲ್ಲಿ ಗಣಿಗೆ ಹೋದವರಲ್ಲಿ ತಿರುಗಿ ಬಂದವರು ಕಡಿಮೆ.

"ನಿಮ್ಮ ದೊಡ್ಡಪ್ಪ ಥರ್ಮಾಮೀಟರನ್ನ ಬಿಸಿನೀರಿನ ಲೋಟದಲ್ಲಿ ಅದ್ದಿ ತೋರಿಸೋರು" ಅಂದರು ಗಡಿಯಾರದವರು. "ಹಾಗೆ ಕೆಲವ್ರಿಗೆ ಜ್ವರ ಬರೋದು."

"ಎಲ್ಲರಿಗೂ ಕೊಡಬಹುದಿತ್ತಲ್ಲ?" ಎಂದೆ. ಬೆಪ್ಪುತಕ್ಕಡಿಯ ಪ್ರಶ್ನೆ.

"ದಿನಾ ಇಡೀ ವಾರ್ಡಿಗೇ ಜ್ವರ ಬಂದ್ರೆ ಅವ್ರು ನಂಬ್ತಾರೇನಮ್ಮ? ಒಬ್ರಿಗೋ ಇಬ್ರಿಗೋ ಕೊಡಬಹುದಿತ್ತು. ಜಾಸ್ತಿ ಆದ್ರೆ ಎಲ್ಲರ ತಲೇನೂ ಹೋಗೋದು."

"ಯಾರಿಗೆ ಕೊಡಬೇಕು ಅಂತ ಯಾರು ತೀರ್ಮಾನ ಮಾಡ್ತಿದ್ರು?"

ಅವರು ನನ್ನ ಗಾಜಿನ ಕಪಾಟಿನಲ್ಲಿದ್ದ ಥರ್ಮಾಮೀಟರಿನ ಡಬ್ಬಿಯತ್ತ ಬೆರಳು ತೋರಿಸಿದರು. "ಯಾರ ಕೈಲಿ ಥರ್ಮಾಮೀಟರ್ ಇತ್ತೋ ಅವ್ರೇ" ಅಂದರು.

ಅವರು ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದರು. ಅವರ ಪಕ್ಕದ ಮಂಚದಲ್ಲಿ ಒಬ್ಬ ಬಡಗಿ ಇದ್ದನಂತೆ. ಕಿಟಕಿಗೆ ಹೊಡೆದು ಮಿಕ್ಕ ಹಲಗೆಗಳಿಂದ ವಾರ್ಡಿನ ಕುಂಟರಿಗೆಲ್ಲ ಊರುಗೋಲು ಮಾಡಿಕೊಟ್ಟವನು. ಒಂದು ಬೆಳಿಗ್ಗೆ ಗಡಿಯಾರದವರಿಗೆ ಜ್ವರ ಬಂತು, ಬಡಗಿಗೆ ಬರಲಿಲ್ಲ. ಬಡಗಿ ಲಾರಿ ಹತ್ತಿದ. ಮತ್ತೆ ಯಾರೂ ಅವನನ್ನು ನೋಡಲಿಲ್ಲ. "ಯಾಕೆ ನಂಗೆ ಕೊಟ್ರಿ, ಅವಂಗ್ಯಾಕೆ ಕೊಡ್ಲಿಲ್ಲ ಅಂತ ಕೇಳೋಕೆ ಧೈರ್ಯ ಬರ್ಲಿಲ್ಲಮ್ಮ. ಕೇಳಿದ್ದಕ್ಕೆ ಮಾರನೇ ದಿನ ನಂಗೂ ಕೊಡದೇ ಹೋದ್ರೆ?" ಎಂದು ಹೇಳಿ, ಆ ಬಡಗಿಯ ಹೆಸರನ್ನು ಎರಡು ಸಲ ಹೇಳಿ ಮೆಟ್ಟಿಲಿಳಿದರು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ದೊಡ್ಡಪ್ಪ ದೇವರಂಥವರೋ ಕಟುಕರೋ ಎಂಬ ಗೊಂದಲ ಒಂದು ಕಡೆ. ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನಮ್ಮ ಜೊತೆ ತಟ್ಟೆ ಹಾಕಿಕೊಂಡು ಕೂತಿದ್ದರಲ್ಲ ಎಂಬ ಸಂಕಟ ಇನ್ನೊಂದು ಕಡೆ. ಅದಕ್ಕೇ ತಮ್ಮ ಕಚೇರಿಗೆ ಬಂದು ಚಪ್ಪಲಿ ಸವೆಸಿದ್ದು. ತಮ್ಮ ಗುಮಾಸ್ತರೊಬ್ಬರು ಒಂದು ದಿನ ಬಾಯಿತಪ್ಪಿ ಅಂದರು: "ತುಂಬಾ ಮಾತಾಡಿದಾರೆ ಬಿಡಮ್ಮ ನಿಮ್ಮ ದೊಡ್ಡಪ್ಪ. ಆ ಫೈಲನ್ನ ಒಂದು ಕೈಲಿ ಎತ್ತಕ್ಕಾಗಲ್ಲ." ಮನೆಯಲ್ಲಿ ಉಪ್ಪು ಬೇಕಾದರೂ ಬೆರಳು ತೋರಿಸುತ್ತಿದ್ದ ಮನುಷ್ಯ, ಆಡಬೇಕಾದದ್ದನ್ನೆಲ್ಲ ತಮ್ಮ ಕಚೇರಿಯಲ್ಲಿ ಆಡಿ ಮುಗಿಸಿ ಬರಿಗೈಯಲ್ಲಿ ಮನೆಗೆ ಬಂದಿದ್ದರು. ಆ ಮಾತು ಕೇಳಿ ತಮ್ಮ ಕಾರಿಡಾರಿನಲ್ಲಿ ನಿಂತು ಅತ್ತಿದ್ದೇನೆ, ಮಾನ್ಯರೇ. ಕಸ ಗುಡಿಸುವಾಕೆ ಪೊರಕೆ ನಿಲ್ಲಿಸಿ ಸುಮ್ಮನೆ ಬೇರೆ ಕಡೆ ಹೋದರು.

ಅದೇ ಕಾರಿಡಾರಿನ ಬೆಂಚಿನ ಮೇಲೆ ನನಗೊಬ್ಬ ಹೆಂಗಸು ಸಿಕ್ಕರು. ದರ್ಜಿ ಕೆಲಸದವರು, ನನಗಿಂತ ಸ್ವಲ್ಪ ದೊಡ್ಡವರು. ನಾನು ಅಕ್ಕ ಅನ್ನುತ್ತೇನೆ. ಬೆಂಚು ಪರಿಚಯ ಮಾಡಿಸುತ್ತದೆ, ತಾವು ಅದರ ಮೇಲೆ ಕೂತಿರಲಾರಿರಿ. "ನಿಮ್ಮೋರು ಯಾವ ಶಿಬಿರ?" ಎಂದರು. ಶಿಬಿರವಲ್ಲ, ಆಸ್ಪತ್ರೆ ಎಂದೆ. ಅವರ ತಂದೆಯೂ ಆಸ್ಪತ್ರೆಯೇ. ತಮ್ಮ ಕಚೇರಿಯಿಂದ ಅವರ ತಾಯಿಗೆ ಬಂದ ಕಾಗದದಲ್ಲಿ "ಆಸ್ಪತ್ರೆಯಲ್ಲಿ ಜ್ವರದಿಂದ ನಿಧನ" ಎಂದಿದೆಯಂತೆ. ಹೂತದ್ದು ಎಲ್ಲಿ ಎಂದು ತಿಳಿಯಲು ಮೊದಲು ತಾಯಿ ಬರುತ್ತಿದ್ದರು, ಈಗ ಮಗಳು ಬರುತ್ತಾರೆ. ಮಾತಿನ ನಡುವೆ ತಂದೆಯ ಹೆಸರು ಹೇಳಿದರು, ಬಡಗಿ ಎಂದರು. ಗಡಿಯಾರದವರು ಎರಡು ಸಲ ಹೇಳಿದ್ದ ಹೆಸರು ಅದೇ.

ಜ್ವರದಿಂದ ನಿಧನ! ಅವರಿಗೆ ಜ್ವರ ಬಂದಿದ್ದರೆ ಬದುಕುತ್ತಿದ್ದರು, ಮಾನ್ಯರೇ.

ಈ ಸುಳ್ಳು ಯಾಕೆ ಬೇಕಾಯಿತು? ಕೈದಿಗಳನ್ನು ಗಣಿಯಲ್ಲಿ ದುಡಿಸಿದ ಸಂಗತಿಯನ್ನು ಇನ್ನು ಎತ್ತುವುದಿಲ್ಲವೆಂದು ಯುದ್ಧ ಮುಗಿದ ಮೇಲೆ ಎರಡೂ ಸರ್ಕಾರಗಳು ಕೈಕುಲುಕಿದವು ಎಂದು ಹಳಬರು ಹೇಳುತ್ತಾರೆ. ಗಣಿಯೇ ಇರಲಿಲ್ಲವೆಂದಾದರೆ ಗಣಿಯಲ್ಲಿ ಸತ್ತವರೂ ಇರಬಾರದು. ಹಾಗಾಗಿ ಎಲ್ಲರಿಗೂ ಒಂದೇ ಸಲಕ್ಕೆ ಜ್ವರ ಹಂಚಿ ಕೈತೊಳೆದುಕೊಂಡಿರಿ. ನನ್ನ ದೊಡ್ಡಪ್ಪ ಒಬ್ಬಿಬ್ಬರಿಗೆ ಸುಳ್ಳು ಜ್ವರ ಕೊಟ್ಟರು, ಬಂದೂಕಿನ ಕಣ್ಣು ತಪ್ಪಿಸಿ ಕೊಟ್ಟರು. ತಾವು ಮೇಜಿನ ಮುಂದೆ ಕೂತು ಸತ್ತವರಿಗೆಲ್ಲ ಕೊಟ್ಟಿರಿ. ಈಗ ಹೇಳಿ, ಆ ಕಡತ ತೆರೆದರೆ ಹೋಗುವುದು ಯಾರ ಗೌರವ? ನಮ್ಮ ಮನೆಯದೋ, ತಮ್ಮ ಕಚೇರಿಯದೋ? ತಮ್ಮ ಮಾನ ಮುಚ್ಚಲು ನಮ್ಮ ಮನೆಯ ಹೊದಿಕೆ ಯಾಕೆ ಎಳೆದುಕೊಳ್ಳುತ್ತೀರಿ?

ಅಕ್ಕನಿಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ಒದ್ದಾಡಿದೆ. ಮುಚ್ಚಿಟ್ಟರೆ ನನಗೂ ತಮಗೂ ವ್ಯತ್ಯಾಸ ಉಳಿಯುವುದಿಲ್ಲ ಅನ್ನಿಸಿ ಅವರ ಅಂಗಡಿಗೆ ಹೋದೆ. ಅವರು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ನಾನು ಹೇಳುತ್ತಾ ಹೋದೆ, ಅವರು ಮೆಷಿನ್ ತುಳಿಯುತ್ತಲೇ ಇದ್ದರು. ಥರ್ಮಾಮೀಟರ್ ಹಿಡಿದದ್ದು ನನ್ನ ದೊಡ್ಡಪ್ಪ ಎಂದಾಗ ಮೆಷಿನ್ ನಿಂತಿತು.

"ಹಾಗಾದ್ರೆ ಅವತ್ತು ನಮ್ಮಪ್ಪಂಗೆ ಯಾಕೆ ಕೊಡ್ಲಿಲ್ಲ?" ಅಂದರು.

ಗೊತ್ತಿಲ್ಲ ಅಕ್ಕ ಎಂದೆ.

"ನಿಮ್ಮ ಮೇಲೆ ಸಿಟ್ಟಿಲ್ಲ ಕಣಮ್ಮ" ಅಂದರು ಆಮೇಲೆ. "ಆದ್ರೆ ನಂಗೆ ಗೊತ್ತಾಗ್ಬೇಕು. ಅವ್ರಿಗೂ ನಮ್ಮಪ್ಪಂಗೂ ಏನಾದ್ರೂ ಜಗಳ ಇತ್ತಾ? ಗಟ್ಟಿಮುಟ್ಟಾಗಿದಾನೆ, ತಡ್ಕೋತಾನೆ ಅಂತ ಬಿಟ್ರಾ? ಇಲ್ಲಾ ನಮ್ಮಪ್ಪನೇ ನಂಗೆ ಬೇಡ, ಅವ್ನಿಗೆ ಕೊಡಿ ಅಂದ್ರಾ? ಅಪ್ಪ ಹಾಗೆ ಅನ್ನೋ ಮನುಷ್ಯನಾ ಅಲ್ವಾ ಅಂತಾನೂ ನಂಗೆ ಗೊತ್ತಿಲ್ಲ. ಅವ್ರು ಹೋದಾಗ ನಾನು ಕೈಗೂಸು."

ಮಾನ್ಯರೇ, ಇದಕ್ಕೆ ಉತ್ತರ ಹೇಳಬಲ್ಲ ಒಬ್ಬರೇ ಒಬ್ಬರು ತೀರಿಕೊಂಡಿದ್ದಾರೆ. ಅವರು ಆಡಿದ ಮಾತು ಮಾತ್ರ ತಮ್ಮ ಕಪಾಟಿನಲ್ಲಿದೆ. ಒಂದು ಕೈಯಲ್ಲಿ ಎತ್ತಲಾಗದಷ್ಟು ಮಾತಾಡಿದವರು ಆ ಬಡಗಿಯ ವಿಷಯ ಹೇಳದೆ ಇದ್ದಿರಲಾರರು.

ಆದ್ದರಿಂದ ನನ್ನ ಅರ್ಜಿಯನ್ನು ಇಲ್ಲಿಗೆ ಹಿಂತೆಗೆದುಕೊಂಡು ಬೇರೊಂದನ್ನು ಮುಂದಿಡುತ್ತಿದ್ದೇನೆ. ಆ ಕಡತವನ್ನು ನನಗೆ ಕೊಡಬೇಡಿ. ಅಕ್ಕನಿಗೆ ಕೊಡಿ. ನಮ್ಮ ಮನೆಯವರ ಒಪ್ಪಿಗೆ ಬೇಕೆಂಬ ನಿಯಮವಿದ್ದರೆ ಈ ಪತ್ರವೇ ಒಪ್ಪಿಗೆ. ಅವರು ಮೊದಲು ಓದಲಿ. ಅದರಲ್ಲಿ ನನ್ನ ದೊಡ್ಡಪ್ಪ ಹಗೆ ತೀರಿಸಿಕೊಂಡರೆಂದು ಇದ್ದರೆ ನನಗೆ ಹೇಳುವುದೂ ಬಿಡುವುದೂ ಅವರ ಇಷ್ಟ. ಅವರ ತಂದೆಯ ಸಾವಿನ ಕಾಗದದಲ್ಲಿರುವ ಜ್ವರವನ್ನು ಹೊಡೆದುಹಾಕಿ, ಕಲ್ಲುಗಣಿ ಎಂದು ಬರೆದು, ಅದರ ಕೆಳಗೆ ತಾವು ಸಹಿ ಹಾಕಬೇಕು.

ಈ ಪತ್ರಕ್ಕೆ ಅಕ್ಕನೂ ಸಹಿ ಹಾಕಲೆಂದು ನಿನ್ನೆ ಅವರ ಅಂಗಡಿಗೆ ಒಯ್ದಿದ್ದೆ. ಕೊನೆಯವರೆಗೂ ಓದಿದರು. ಪೆನ್ನು ತೆಗೆದುಕೊಂಡರು, ಹಾಗೇ ಕೆಳಗಿಟ್ಟರು. "ಮೊದ್ಲು ಆ ಫೈಲ್ ಓದ್ತೀನಿ" ಅಂದರು. "ನಿಮ್ಮ ಪಕ್ಕದಲ್ಲಿ ನನ್ನ ಹೆಸರು ಹಾಕ್ಬೇಕೋ ಬೇಡ್ವೋ ಅಂತ ಆಮೇಲೆ ನೋಡೋಣ."

ಇಂತಿ,
ಸದ್ಯಕ್ಕೆ ಒಬ್ಬಳೇ ಸಹಿ ಹಾಕುತ್ತಿರುವ,
‘ಆಸ್ಪತ್ರೆ ಸಿಪಾಯಿ’ಯ ತಮ್ಮನ ಮಗಳು