ಎಲೆಕ್ಷನ್ ಮುಗಿಯುವ ತನಕ

ಮಾರ್ಚ್ 18, 2024. ಸೋಮವಾರ

ಬೆಳಿಗ್ಗೆಯಿಂದ ಹನ್ನೊಂದು ಕೋವಿ ಬಂದವು. ಶನಿವಾರ ಎಲೆಕ್ಷನ್ ಘೋಷಣೆ ಆಯಿತು. ಲೈಸೆನ್ಸ್ ಇದ್ದವರೆಲ್ಲ ಕೋವಿಯನ್ನು ಪೊಲೀಸ್ ಸ್ಟೇಷನ್ನಿನಲ್ಲಿಡಬೇಕು, ಇಲ್ಲವೇ ನನ್ನಂಥ ಡೀಲರ್ ಹತ್ತಿರ. ಸ್ಟೇಷನ್ನಿನಲ್ಲಿ ತುಕ್ಕು ಹಿಡಿಯುತ್ತದೆಂದು ಅರ್ಧ ಜನ ಹುಣಸೂರಿಗೆ, ನನ್ನ ಅಂಗಡಿಗೇ ಬರುತ್ತಾರೆ. ಒರೆಸಿ, ಎಣ್ಣೆ ಹಾಕಿ, ಮನೆಗೆ ಬಂದ ಅಳಿಯನಂತೆ ನೋಡಿಕೊಳ್ಳುತ್ತೇನೆ.

ರಂಜಾನಿನ ರೋಜಾ, ಉಪವಾಸ. ಮಧ್ಯಾಹ್ನಕ್ಕೆ ತಲೆ ಗಿರ್ರೆನ್ನುತ್ತಿತ್ತು. ಆಗ ಬಂದವನು ಕಾಂತರಾಜ್. ಬೆಟ್ಟದಪುರದ ಕಡೆಯವನು. ಹೊಗೆಸೊಪ್ಪು, ಮುಸುಕಿನ ಜೋಳ ಬೆಳೆಯುತ್ತಾನೆ. ಹಂದಿ ಕಾಟಕ್ಕೆಂದು ಅಪ್ಪನ ಕಾಲದ ಒಂಟಿ ನಳಿಗೆ ಕೋವಿ. ಗೋಣಿಚೀಲದಲ್ಲಿ ಸುತ್ತಿ ಬೈಕಿನಲ್ಲಿ ತಂದಿದ್ದ. ಹನ್ನೆರಡು ಗಂಟೆಗೇ ಬಾಯಲ್ಲಿ ಹೆಂಡದ ವಾಸನೆ. ನಳಿಗೆ ತೆರೆದು ನೋಡಿದರೆ — ಒಳಗೆ ಗುಂಡಿನ ತೋಟಾ!

ಚೆನ್ನಾಗಿ ಬೈದೆ. ‘ಮರ್ತೋಯ್ತು ಬುಡಿ ಸಾಬ್ರೇ’ ಅಂತ ನಕ್ಕ. ಮನೆಯಲ್ಲೂ ಹೀಗೇ, ತುಂಬಿಕೊಂಡೇ ಗೋಡೆಗೆ ನೇತಾಡುತ್ತದಂತೆ. ತೋಟಾ ತೆಗೆದಿಟ್ಟು ರಸೀದಿ ಕೊಟ್ಟೆ. ಸ್ಟೇಷನ್ನಿಗೆ ಹೇಳಬೇಕಿತ್ತೇನೋ... ಉಪವಾಸದಲ್ಲಿ ಯಾರಿಗೆ ಬೇಕು ಆ ತಾಪತ್ರಯ.

ಮಾರ್ಚ್ 24, ಭಾನುವಾರ

ಒಟ್ಟು ಅರವತ್ತಮೂರು. ಬೀರು ಸಾಲದೆ ಹಿಂದಿನ ಕೋಣೆಗೂ ಎರಡು ಬೀಗ. ನಿಮ್ಮ ಅಂಗಡಿ ಮುಚ್ಚಿದರೆ ಊರಿಗೇ ಒಳ್ಳೆಯದು ಎಂದಳು ಬಷೀರಾಬಿ. ನನ್ನ ಹೆಂಡತಿ, ಮದುವೆಯಾಗಿ ನಲವತ್ತು ವರ್ಷ. ಅವಳ ಬಿರಿಯಾನಿಯ ಬಗ್ಗೆ ನಾನೂ ಅದೇ ಮಾತು ಹೇಳಬಹುದು. ಧೈರ್ಯ ಇಲ್ಲ. ಅವಳಿಗೆ ಓದಲು ಬರುವುದು ಉರ್ದು ಮಾತ್ರ. ನಾನು ಇದನ್ನು ಕನ್ನಡದಲ್ಲಿ ಬರೆಯುವುದು ಅದಕ್ಕೇ.

ಏಪ್ರಿಲ್ 3, ಬುಧವಾರ

ಒಬ್ಬ ಹೆಂಗಸು ಎದುರಿನ ಬಟ್ಟೆ ಅಂಗಡಿ ಮುಂದೆ ಅರ್ಧ ಗಂಟೆ ನಿಂತಿದ್ದಳು. ಕೊನೆಗೆ ರಸ್ತೆ ದಾಟಿ ಬಂದಳು. ಹೆಸರು ಶಾಂತಲಾ. ಕಾಂತರಾಜನ ಹೆಂಡತಿ. ಕೋವಿ ಇಲ್ಲೇ ಇದೆಯಾ ಎಂದು ಕೇಳಿದಳು. ಭದ್ರವಾಗಿದೆ ಅಂದೆ.

‘ಎಲೆಕ್ಷನ್ ಎಷ್ಟ್ ದಿನ ಇರ್ತದೆ ಸಾಬ್ರೇ?’

ಜೂನ್ ತನಕ ಅಂದೆ.

‘ಇನ್ನೂ ಮುಂದುಕ್ ಓಗಾಕಿಲ್ವಾ?’

ನನಗೆ ನಗು ಬಂತು. ಅವಳು ನಗಲಿಲ್ಲ. ನಿಂತುಕೊಂಡೇ ಹೇಳಿದಳು. ಕುಡಿದು ಸಿಟ್ಟು ಬಂದರೆ ಗಂಡ ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಗೋಡೆಯಿಂದ ಕೋವಿ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆ ಕೂರುತ್ತಾನೆ. ಒಂದು ಸಲ ಅವಳ ಎದೆಗೇ ಗುರಿ ಹಿಡಿದಿದ್ದನಂತೆ. ಮಗಳು ಸೌಂದರ್ಯ, ಎಂಟನೇ ಕ್ಲಾಸು. ಅಪ್ಪ ಜಗಲಿಗೆ ಬಂದರೆ ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಗೆ ಓಡುತ್ತಾಳೆ. ಈಗ ಎರಡು ವಾರದಿಂದ ತನ್ನ ಮನೆಯಲ್ಲೇ ಕೂತು ಓದುತ್ತಿದ್ದಾಳೆ. ಕೋವಿ ವಾಪಸ್ ಕೊಡಬೇಡಿ — ಇಷ್ಟೇ ಅವಳು ಕೇಳಿದ್ದು.

ಎಲೆಕ್ಷನ್ ಮುಗಿದ ಮೇಲೆ ಲೈಸೆನ್ಸ್‌ದಾರ ಬಂದು ಕೇಳಿದರೆ ಕೊಡಲೇಬೇಕಮ್ಮ, ನೀವು ಒಂದು ದೂರು ಕೊಡಿ ಅಂದೆ.

‘ನನ್ ಎಸ್ರು ಬಂದ್ರೆ ಅವ್ರಿಗೆ ಕೋವೀನೇ ಬ್ಯಾಡ, ಕುಡ್ಗೋಲೇ ಸಾಕು’ ಅಂದಳು. ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಏಪ್ರಿಲ್ 4

ಗಂಡ ಹೆಂಡಿರ ಜಗಳ, ನನಗೇಕೆ? ಹೀಗೆಂದುಕೊಂಡೇ ಕೆಲಸ ಮಾಡಿದೆ. ಮಾಡಿದ್ದೆಲ್ಲ ತಪ್ಪು. ಒಂದೇ ಸ್ಪ್ರಿಂಗನ್ನು ಮೂರು ಸಲ ಬಿಚ್ಚಿ ಹಾಕಿದೆ.

ಸಣ್ಣಬೀರಯ್ಯ ನೆನಪಾಗುತ್ತಾನೆ. ಕೆ.ಆರ್. ನಗರದ ಕಡೆಯವನು. ಹದಿನೈದು ವರ್ಷದ ಹಿಂದಿನ ಮಾತು. ತೋಟಾ ಬೇಕೆಂದು ಬಂದಿದ್ದ. ಲೈಸೆನ್ಸ್ ಸರಿ ಇತ್ತು. ಕಣ್ಣು ಕೆಂಪಗಿತ್ತು, ಕೈ ನಡುಗುತ್ತಿತ್ತು. ನೋಡಿದೆ. ನೋಡಿಯೂ ಎರಡು ಕೊಟ್ಟೆ. ಮೂರನೇ ದಿನ ಬದುವಿನ ಜಗಳದಲ್ಲಿ ಒಡಹುಟ್ಟಿದ ತಮ್ಮನಿಗೇ ಹೊಡೆದ. ತಮ್ಮ ಉಳಿಯಲಿಲ್ಲ. ಪೊಲೀಸರು ಬಂದು ನನ್ನ ರಿಜಿಸ್ಟರ್ ತಿರುವಿ, ಎಲ್ಲ ಕರೆಕ್ಟ್ ಇದೆ ಸಾಬ್ರೇ, ನೀವು ಹೆದರಬೇಡಿ ಎಂದು ಹೋದರು.

ಆ ಕರೆಕ್ಟ್ ಇವತ್ತಿಗೂ ನುಂಗಲಾಗುತ್ತಿಲ್ಲ. ಕಾನೂನು ನೋಡುವುದು ಕಾಗದವನ್ನು. ಮುಖ ನೋಡುವವನು ಕೌಂಟರಿನ ಈಚೆ ಕೂತ ನಾನೊಬ್ಬನೇ. ತಪ್ಪು ನನ್ನದೂ ಇತ್ತು. ಯಾರ ಹತ್ತಿರವೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಏಪ್ರಿಲ್ 11, ಗುರುವಾರ. ಈದ್

ನಮಾಜ್ ಮುಗಿಸಿ ಬಂದೆ. ಶೀರ್‌ಖುರ್ಮಾ ಪಾಯಸ ಒಳಗಿಳಿಯಲಿಲ್ಲ. ಏನು ಸಮಾಚಾರ ಎಂದು ಬಷೀರಾಬಿ ಪಟ್ಟುಹಿಡಿದಳು. ಶಾಂತಲಾ ವಿಷಯವೆಲ್ಲ ಹೇಳಿದೆ. ಅವಳು ಲೋಟ ಕೆಳಗಿಟ್ಟು, ಆ ಹೆಂಗಸಿನ ಹೆಸರು ಯಾಕೆ ಬೇಕು, ತುಂಬಿದ ಕೋವಿ ತಂದದ್ದನ್ನು ಕಂಡವರು ನೀವಲ್ಲವೇ, ನೀವೇ ಬರೆದುಕೊಡಿ ಎಂದಳು.

ಇಷ್ಟು ದಿನ ಹೊಳೆದೇ ಇರಲಿಲ್ಲ! ಆದರೆ ಡೀಲರೇ ಗಿರಾಕಿಯ ಮೇಲೆ ದೂರು ಕೊಟ್ಟರೆ... ನಾಳೆ ಅಂಗಡಿಗೆ ಯಾರು ಬರುತ್ತಾರೆ? ನೋಡೋಣ.

ಮೇ 16

ತಿಂಗಳ ಮೇಲಾಯಿತು. ಇಲ್ಲೂ ಬರೆದಿಲ್ಲ, ಅರ್ಜಿಯನ್ನೂ ಬರೆದಿಲ್ಲ. ಹೇಡಿತನ, ಮತ್ತೇನೂ ಅಲ್ಲ.

ಇವತ್ತು ಬರೆದೆ. ಇಂಥ ದಿನ, ಇಷ್ಟು ಹೊತ್ತಿಗೆ, ಕುಡಿದ ಸ್ಥಿತಿಯಲ್ಲಿ, ತೋಟಾ ತುಂಬಿದ ಕೋವಿಯನ್ನು ಪೇಟೆಗೆ ತಂದಿದ್ದಾನೆ. ಮನೆಯಲ್ಲೂ ತುಂಬಿದ ಕೋವಿಯನ್ನು ಗೋಡೆಗೆ ತೂಗುಹಾಕುವುದಾಗಿ ತಾನೇ ಹೇಳಿದ್ದಾನೆ. ಇವನ ಕೈಯಲ್ಲಿ ಆಯುಧ ಇರುವುದು ಸುರಕ್ಷಿತವಲ್ಲ, ಲೈಸೆನ್ಸ್ ತಡೆಹಿಡಿಯಬೇಕು. ಕೆಳಗೆ ನನ್ನ ಸಹಿ, ಅಂಗಡಿಯ ಸೀಲು. ಶಾಂತಲಾ ಹೆಸರು ಎಲ್ಲೂ ಇಲ್ಲ. ಡಿ.ಸಿ. ಆಫೀಸಿಗೆ ರಿಜಿಸ್ಟರ್ಡ್ ಪೋಸ್ಟ್. ಅವನ ಊರಿನ ಸ್ಟೇಷನ್ನಿಗೆ ನಾನೇ ಹೋಗಿ ಒಂದು ಪ್ರತಿ ಕೊಟ್ಟೆ.

ಸಬ್ ಇನ್‌ಸ್ಪೆಕ್ಟರ್ ಎರಡು ಸಲ ಓದಿದರು. ಕೋವಿ ಅಂಗಡಿಯವರೇ ಕೋವಿ ಬೇಡ ಅಂತೀರಲ್ಲ ಎಂದರು. ಕೋವಿ ಬೇಡ ಅನ್ನಲಿಲ್ಲ ಸಾರ್, ಇವನ ಕೈಗೆ ಬೇಡ ಅಂದೆ. ಅವರು ನಗಲಿಲ್ಲ. ನಾನೂ ವರದಿ ಕಳಿಸುತ್ತೇನೆ ಎಂದರು. ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಮೈ ಹಗುರವಾಗಿತ್ತು.

ಜೂನ್ 7, ಶುಕ್ರವಾರ

ರಿಸಲ್ಟ್ ಬಂತು, ನೀತಿ ಸಂಹಿತೆ ನಿನ್ನೆಗೆ ಮುಗಿಯಿತು. ಒಂದೇ ದಿನ ಇಪ್ಪತ್ತು ಜನ ಬಂದು ಕೋವಿ ಬಿಡಿಸಿಕೊಂಡು ಹೋದರು. ಡಿ.ಸಿ. ಆಫೀಸಿನಿಂದ ಆದೇಶ ಬಂದಿಲ್ಲ.

ಜುಮ್ಮಾ ನಮಾಜ್ ಮುಗಿಸಿ ಬಂದು ಕಾಂತರಾಜನ ಕೋವಿ ಕೆಳಗಿಳಿಸಿದೆ. ಒಳಗಿನ ಪಿನ್ ತೆಗೆದರೆ ತೋಟಾ ಸಿಡಿಯುವುದಿಲ್ಲ. ಐದು ನಿಮಿಷದ ಕೆಲಸ, ಮೇಲೆ ಗೊತ್ತೂ ಆಗುವುದಿಲ್ಲ. ತೆಗೆದೆ. ಅಂಗೈಯಲ್ಲಿಟ್ಟುಕೊಂಡು ಕೂತೆ...

ಮತ್ತೆ ಹಾಕಿದೆ. ಕೆಟ್ಟ ಕೋವಿ ಎಂದು ಅವನು ಇನ್ನೊಂದು ತರುತ್ತಾನೆ. ಕಳ್ಳ ಕೋವಿ. ಅದಕ್ಕೆ ರಿಜಿಸ್ಟರೂ ಇಲ್ಲ, ಎಲೆಕ್ಷನ್ನೂ ಇಲ್ಲ.

ಸಬ್ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದೆ. ಫೈಲು ಸಹಿಗೆ ಹೋಗಿದೆ, ಎರಡು ಮೂರು ದಿನ ಹೇಗಾದರೂ ತಡೆಯಿರಿ ಎಂದರು.

ಜೂನ್ 8, ಶನಿವಾರ, ಸಂಜೆ 4

ಬಂದ. ಕುಡಿದಿರಲಿಲ್ಲ. ರಸೀದಿಯನ್ನು ಕೌಂಟರಿನ ಮೇಲಿಟ್ಟ. ರಿಪೇರಿ ಇದೆ ಅನ್ನೋಣವೆಂದು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದೆ. ಬಾಯಿಗೆ ಬರಲಿಲ್ಲ.

‘ಕೊಡಲ್ಲ ಕಾಂತರಾಜ್. ತುಂಬಿದ ಕೋವಿ ತಂದಿದ್ದೆ ನೀನು. ಕುಡಿದಿದ್ದೆ. ಡಿ.ಸಿ.ಗೆ ನಾನೇ ಬರೆದು ಹಾಕಿದ್ದೀನಿ.’

ರಸೀದಿಯನ್ನು ಮತ್ತೆ ಜೇಬಿಗೆ ತುರುಕಿದ.

‘ನಮ್ಮೆಂಗ್ಸು ಬಂದಿದ್ಲಾ?’

‘ತೋಟಾ ತೆಗೆದವನು ನಾನು ಕಣಯ್ಯಾ. ನನಗೇನು ಕಣ್ಣಿಲ್ವಾ?’

ಕೌಂಟರಿಗೆ ಗುದ್ದಿದ. ಗಾಜು ಬಿರುಕು ಬಿಟ್ಟಿತು. ಬಾಯಿಗೆ ಬಂದಂತೆ ಬೈದ. ಇಡೀ ಊರನ್ನೇ ಕರೆದು ತರುತ್ತೇನೆ ಎಂದ. ಕರೆದುಕೊಂಡು ಬಾ, ಎಲ್ಲರಿಗೂ ಟೀ ಕೊಡಿಸುತ್ತೇನೆ ಅಂದೆ. ಆ ಧೈರ್ಯ ಎಲ್ಲಿಂದ ಬಂತೋ! ಅವನು ಹೋದ ಮೇಲೆ ಶಟರ್ ಅರ್ಧ ಎಳೆದು ಕೂತೆ.

ನನ್ನ ಮೇಲಿನ ಸಿಟ್ಟನ್ನು ಮನೆಯಲ್ಲಿ ತೀರಿಸಿಕೊಂಡರೆ? ತಕ್ಷಣ ಸ್ಟೇಷನ್ನಿಗೆ ಫೋನ್ ಮಾಡಿದೆ. ಕಾನ್‌ಸ್ಟೇಬಲ್ ಒಬ್ಬರು ಆ ಕಡೆ ಹೋಗಿದ್ದಾರಂತೆ. ಯಾ ಅಲ್ಲಾ, ಆ ತಾಯಿ ಮಗಳನ್ನು ಕಾಪಾಡು.

ಜೂನ್ 11, ಮಂಗಳವಾರ

ಆದೇಶ ಬಂತು! ವಿಚಾರಣೆ ಮುಗಿಯುವವರೆಗೆ ಲೈಸೆನ್ಸ್ ಅಮಾನತು, ಕೋವಿ ನನ್ನಲ್ಲೇ ಇರಬೇಕು. ಮನೆ ಕಡೆ ಗಲಾಟೆ ಇಲ್ಲ, ವಾರಕ್ಕೊಮ್ಮೆ ಬೀಟ್ ಹೋಗುತ್ತಿರುತ್ತೇವೆ ಎಂದರು ಸಬ್ ಇನ್‌ಸ್ಪೆಕ್ಟರ್. ಬಷೀರಾಬಿಗೆ ಹೇಳಿದೆ. ಬಿರಿಯಾನಿಗೆ ಅಕ್ಕಿ ನೆನೆಹಾಕಿದಳು. ಪೂರ್ತಿ ತಿಂದೆ.

ಜುಲೈ 22

ಗಿರಾಕಿ ಕಮ್ಮಿ. ಇಬ್ಬರು ತೋಟಾ ತರಲು ಮೈಸೂರಿಗೇ ಹೋಗುತ್ತಾರಂತೆ. ಹೋಗಲಿ. ಕುಡಿದು ಬಂದವರಿಗೆ ತೋಟಾ ಇಲ್ಲ, ಕೋವಿ ತೆರೆದು ತೋರಿಸಿಯೇ ಒಳಗೆ ಬನ್ನಿ — ಬೋರ್ಡ್ ಬರೆಸಿ ಹಾಕಿದ್ದೇನೆ. ಬೋರ್ಡ್ ಓದಿ ಬಾಗಿಲಿಂದಲೇ ವಾಪಸ್ ಹೋದವರು ಈ ವಾರ ಮೂವರು. ಅವರ ಮನೆಯವರು ನನಗೆ ದುವಾ ಕೊಡಬೇಕು.

ಆಗಸ್ಟ್ 20, ಮಂಗಳವಾರ

ಕಾಂತರಾಜ್ ಬಂದಿದ್ದ. ಮೈಸೂರಿನಲ್ಲಿ ವಿಚಾರಣೆ ಇರುವುದು ಮುಂದಿನ ವಾರ. ಜಗಳಕ್ಕೇ ಬಂದನೆಂದುಕೊಂಡೆ. ಬೆಂಚಿನ ಮೇಲೆ ಕೂತ. ಹೋದ ವಾರ ಹಂದಿ ಹಿಂಡು ನುಗ್ಗಿ ಅರ್ಧ ಎಕರೆ ಜೋಳ ಮಲಗಿಸಿಬಿಟ್ಟವೆಂದ. ಪಟಾಕಿ ಹೊಡೆದು ಓಡಿಸಿದರಂತೆ. ಕುಡಿತ ಬಿಟ್ಟೆಯಾ ಅಂದೆ. ಪೂರ್ತಿ ಬಿಟ್ಟಿಲ್ಲ ಎಂದ. ಟೀ ತರಿಸಿದೆ.

‘ಮಗ್ಳು ಈಗ ಜಗ್ಲಿ ಮೇಲೆ ನನ್ ಪಕ್ಕದಲ್ಲೇ ಕೂತ್ಕತಾಳೆ ಸಾಬ್ರೇ. ಪಾಠ ಓದಿ ಯೋಳ್ತಾಳೆ. ಮುಂಚೆ ಬತ್ತಿರ್ಲಿಲ್ಲ. ಯಾಕ್ ಬತ್ತಿರ್ಲಿಲ್ಲ ಅಂತ...’

ಅಲ್ಲಿಗೇ ನಿಲ್ಲಿಸಿದ. ಟೀ ಲೋಟ ಬೆಂಚಿನ ಮೇಲಿಟ್ಟ.

‘ವಿಚಾರ್ಣೆ ಗಿಚಾರ್ಣೆ ಬ್ಯಾಡ. ಕೋವಿ, ಲೈಸನ್ಸು ಎರ್ಡೂ ಸರ್ಕಾರಕ್ಕೇ ಒಪ್ಪುಸ್ಬುಡ್ತೀನಿ. ಒಂದ್ ಅರ್ಜಿ ಬರ್ಕೊಡಿ.’

ಕಾಗದ ತೆಗೆದೆ. ಬರೆಯತೊಡಗಿದೆ. ಇವರಿಗೆ, ಜಿಲ್ಲಾಧಿಕಾರಿಗಳು, ಮೈಸೂರು. ಮಾನ್ಯರೇ. ಕಾರಣ ಏನೆಂದು ಬರೆಯಲಿ ಅಂದೆ. ನೆಲ ನೋಡಿದ.

‘ಅಂದಿ ಬರೋದು ನಿಂತೋಗದೆ ಅಂತ ಬರೀರಿ.’

ನಲವತ್ತು ವರ್ಷದಲ್ಲಿ ಸರ್ಕಾರಿ ಕಾಗದದ ಮೇಲೆ ಒಂದು ಸುಳ್ಳೂ ಬರೆದವನಲ್ಲ ನಾನು. ಅವನ ಮುಖ ನೋಡಿದೆ. ಬರೆದೆ —

‘ನಮ್ಮ ಜಮೀನಿನಲ್ಲಿ ಹಂದಿಗಳ ಕಾಟ ಈಗ ಸಂಪೂರ್ಣವಾಗಿ ನಿಂತುಹೋಗಿರುವುದರಿಂದ...’